ಮಾದಕ ಪದಾರ್ಥಗಳ ಕಾಯಿದೆಯೂ ಅದರ ಫಲಗಣನೆಯೂ

೧

ರಾಜ್ಯವು ಒಂದು ಕಾಯಿದೆಯನ್ನು ಮಾಡುವುದು ಸುಲಭ. ಆ ಕಾಯಿದೆಯಿಂದ ಜನರಿಗೆ ಉಂಟಾದ ಹಿತವೆಷ್ಟು, ಅಹಿತವೆಷ್ಟು ಎಂಬುದನ್ನು ಅಳೆದು ಹೇಳುವುದು ಕಷ್ಟ. ಧಾನ್ಯವನ್ನು ಅಳೆಯುವುದಕ್ಕೆ ಕೊಳಗವುಂಟು. ಬಟ್ಟೆಯನ್ನು ಅಳೆಯುವುದಕ್ಕೆ ಗಜವುಂಟು. ಕಾಯಿದೆಯ ಫಲವನ್ನು ಅಳೆಯುವುದಕ್ಕೆ ನಮಗಿರುವ ಮುಖ್ಯ ಸಾಧನವೆಂದರೆ ಕಚೇರಿಯ ದಫ್ತರ. ಆ ದಫ್ತರವನ್ನು ಬರೆಯತಕ್ಕವರು ಪೊಲೀಸಿನವರು, ವೈದ್ಯರು, ಸೆರೆಮನೆಯ ಅಧಿಕಾರಿಗಳು. ಕಾಯಿದೆಯು ಬದಲಾದೊಡನೆ ಇವರ ಕೆಲಸವೂ ಬದಲಾಗುವುದು; ಕೆಲಸದೊಡನೆ ಬರವಣಿಗೆಯೂ ಬದಲಾಗುವುದು. ಹೀಗೆ, ಅಳೆಯಬೇಕಾದ ವಸ್ತುವಿನೊಡನೆ ಅಳತೆಗೋಲು ತಾನೂ ಉದ್ದಗಿಡ್ಡವಾಗುತ್ತಿರುವಲ್ಲಿ, ಬಂದ ಅಂಕಿಯನ್ನು ಹಾಗೆಯೇ ನಂಬುವುದು ವಿವೇಕಿಗಳ ಲಕ್ಷಣವಲ್ಲ. ಅಂಕಿಯನ್ನು ಪೂರ್ತಿಯಾಗಿ ತಿರಸ್ಕರಿಸುವುದೂ ವಿವೇಕವಲ್ಲ.

ಈ ಮಾತಿಗೆ ಒಳ್ಳೆಯ ನಿದರ್ಶನವು ನಮ್ಮ ದೇಶದ ಚರಿತ್ರೆಯಲ್ಲಿಯೇ ದೊರೆಯುತ್ತದೆ. ೧೮೯೩ನೆಯ ಇಸವಿಯಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟಿನಲ್ಲಿ ಮದ್ಯನಿಷೇಧ ಪಕ್ಷದವರಾದ ಕೇಯ್ನ್ ಎಂಬ ಸದಸ್ಯರು ಹಿಂದೂಸ್ಥಾನದ ಗಾಂಜಾ ವಿಚಾರವಾಗಿ ಪ್ರಶ್ನೆಯೆತ್ತಿದರು. ಅದರ ಫಲವಾಗಿ ಭಾರತ ಸರಕಾರವು ಮ್ಯಾಕ್‌ವರ್ಥ್ ಯಂಗ್ ಎಂಬವರ ಅಧ್ಯಕ್ಷತೆಯಲ್ಲಿ ಏಳು ಮಂದಿಯ ಒಂದು ವಿಚಾರಣಾ ಸಮಿತಿಯನ್ನು ನಿಯಮಿಸಿತು. ಸದಸ್ಯರಲ್ಲಿ ಮೂವರು ಭಾರತೀಯರು. ಸಮಿತಿಯು ೧,೧೯೩ ಸಾಕ್ಷಿಗಳ ಹೇಳಿಕೆಗಳನ್ನು ಪಡೆದು, ಅನೇಕ ಸಂಪುಟಗಳ ವರದಿಯನ್ನು ಸಿದ್ಧಪಡಿಸಿತು. ಗಾಂಜಾ ಸೇದುವವರಿಗೆ ಹುಚ್ಚು ಹಿಡಿಯುವುದೆಂಬ ನಂಬಿಕೆಯು ಆಗ ಅಧಿಕಾರಿಗಳಲ್ಲಿ ಬೇರೂರಿದ್ದಿತು. ಅದಕ್ಕೆ ಆಧಾರವಾಗಿದ್ದುದು ಹುಚ್ಚಾಸ್ಪತ್ರೆಗಳ ವಾರ್ಷಿಕ ಪಟ್ಟಿ. ೧೮೯೨ರಲ್ಲಿ ಆಸ್ಪತ್ರೆಗಳನ್ನು ಸೇರಿದ ೧,೩೪೪ ರೋಗಿಗಳ ಪೈಕಿ ೨೨೨ ಮಂದಿಯ ಹೆಸರಿನ ಮುಂದೆ ರೋಗಕಾರಣವು ಗಾಂಜಾ, ಭಂಗಿ, ಚರಸ್ ಮುಂತಾದುವೆಂದು ಬರೆದಿದ್ದಿತು.

ಸಮಿತಿಯವರು ಪಟ್ಟಿಯನ್ನು ಓದಿ ತೃಪ್ತರಾಗದೆ, ಆ ಕಾಲಂ ತುಂಬಿದವರಾರು, ಹೇಗೆ ತುಂಬಿದರು ಎಂದು ಕೇಳಿದರು. ಆಗ ತಿಳಿದುಬಂದುದೇನೆಂದರೆ, ರೋಗಿಯನ್ನು ಕರೆತಂದ ಪೊಲೀಸಿನವರು ನಮೂನೆಯಲ್ಲಿ ಕಾರಣದ ಜಾಗವನ್ನು ಖಾಲಿ ಬಿಡುವಂತಿರಲಿಲ್ಲ. ಬೇರಾವ ಕಾರಣವೂ ತೋರದಿದ್ದಲ್ಲಿ ‘ಗಾಂಜಾ’ ಎಂದು ಬರೆದುಬಿಡುತ್ತಿದ್ದರು. ಆ ಮಾತೇ ಆಸ್ಪತ್ರೆಯ ದಫ್ತರಕ್ಕೂ, ಅಲ್ಲಿಂದ ವಾರ್ಷಿಕ ವರದಿಗೂ ಏರಿ, ಕೊನೆಗೆ ಶಾಸ್ತ್ರಸಿದ್ಧಾಂತದ ಗೌರವವನ್ನು ಪಡೆಯುತ್ತಿದ್ದಿತು. ಸಮಿತಿಯವರು ಒಂದೊಂದು ಪ್ರಸಂಗವನ್ನೂ ಬಿಡಿಬಿಡಿಯಾಗಿ ವಿಚಾರಿಸಿದ ಮೇಲೆ, ಗಾಂಜಾದ ಸಂಬಂಧವನ್ನು ಒಪ್ಪಬಹುದಾದ ರೋಗಿಗಳು ೯೮ ಮಂದಿ ಉಳಿದರು. ಗಾಂಜಾ ಒಂದೇ ಕಾರಣವೆನ್ನಬಹುದಾದವರು ೬೧ ಮಂದಿ ಮಾತ್ರ. ೧೮೯೪ರಲ್ಲಿ ಸಮಿತಿಯು ಸಂಪೂರ್ಣ ನಿಷೇಧವು ಅವಶ್ಯಕವೂ ಅಲ್ಲ, ಉಚಿತವೂ ಅಲ್ಲ. ತೆರಿಗೆ ಮತ್ತು ಪರವಾನಗಿಗಳ ಮೂಲಕ ನಿಯಂತ್ರಣವೇ ಸಾಕು ಎಂದು ಅಭಿಪ್ರಾಯಪಟ್ಟಿತು.

ಇಲ್ಲಿ ಸಮಿತಿಯ ತೀರ್ಮಾನಕ್ಕಿಂತ ಅದರ ಕ್ರಮವೇ ನಮಗೆ ಮುಖ್ಯ. ಅಂಕಿಯು ಎಷ್ಟೆಂದು ಕೇಳುವುದಕ್ಕೆ ಮೊದಲು ಅದನ್ನು ಬರೆದ ಕೈ ಯಾವುದೆಂದು ಕೇಳಬೇಕು. ಈ ಪ್ರಶ್ನೆಯನ್ನು ಹಿಡಿದುಕೊಂಡು, ನಮ್ಮ ಕಾಲದಲ್ಲಿ ಬಹು ಚರ್ಚೆಗೆ ಒಳಗಾಗಿರುವ ಎರಡು ಪ್ರಯೋಗಗಳನ್ನು ನೋಡೋಣ. ಒಂದು ಪೋರ್ತುಗಲ್ ದೇಶದ್ದು. ಇನ್ನೊಂದು ಅಮೆರಿಕದ ಆರಿಗನ್ ಸಂಸ್ಥಾನದ್ದು. ಎರಡು ಕಡೆಯಲ್ಲಿಯೂ ಸ್ವಂತ ಸೇವನೆಗಾಗಿ ಅಲ್ಪ ಪ್ರಮಾಣದ ಮಾದಕ ಪದಾರ್ಥವನ್ನು ಇಟ್ಟುಕೊಂಡವರನ್ನು ಅಪರಾಧಿಗಳೆಂದು ಎಣಿಸುವುದನ್ನು ನಿಲ್ಲಿಸಲಾಯಿತು. ಇದನ್ನು ‘ನಿರಪರಾಧೀಕರಣ’ ಎನ್ನಬಹುದು. ಮಾರಾಟಕ್ಕೆ ಅನುಮತಿ ಕೊಡುವುದು ಬೇರೆ, ಇದು ಬೇರೆ. ಎರಡು ದೇಶಗಳಲ್ಲಿಯೂ ಇಂಥ ಪದಾರ್ಥಗಳ ಕಳ್ಳವ್ಯಾಪಾರವು ಮೊದಲಿನಂತೆಯೇ ದಂಡಾರ್ಹವಾಗಿ ಉಳಿಯಿತು.

೨

ಪೋರ್ತುಗಲ್ ದೇಶವು ನಮ್ಮ ಕರಾವಳಿಯವರಿಗೆ ಗೋವೆಯ ಮೂಲಕ ನಾಲ್ಕು ಶತಮಾನಗಳಿಗೂ ಮಿಕ್ಕಿ ಪರಿಚಿತವಾದುದು. ಇಪ್ಪತ್ತನೆಯ ಶತಮಾನದಲ್ಲಿ ಆ ದೇಶವು ದೀರ್ಘಕಾಲ ಸಾಲಜಾರನ ಮತ್ತು ಅವನ ಉತ್ತರಾಧಿಕಾರಿಯ ಸರ್ವಾಧಿಕಾರದಲ್ಲಿ ಹೊರಜಗತ್ತಿನಿಂದ ಬಹುಮಟ್ಟಿಗೆ ಮುಚ್ಚಿಕೊಂಡಿದ್ದಿತು. ೧೯೭೪ರ ಏಪ್ರಿಲ್ ೨೫ರ ಸೈನಿಕ ಕ್ರಾಂತಿಯಿಂದ ಆ ಆಳ್ವಿಕೆ ಮುರಿಯಿತು. ಆಫ್ರಿಕದ ವಸಾಹತುಗಳಿಂದ ಸಿಪಾಯಿಗಳೂ ಕುಟುಂಬಗಳೂ ಲಕ್ಷಗಟ್ಟಲೆಯಾಗಿ ಹಿಂದಿರುಗಿದರು. ಮುಚ್ಚಿದ್ದ ಬಾಗಿಲುಗಳು ಒಮ್ಮೆಲೇ ತೆರೆದವು. ಒಳ್ಳೆಯದರೊಡನೆ ಕೆಟ್ಟದ್ದೂ ಒಳಹೊಕ್ಕಿತು. ಮಾದಕ ಪದಾರ್ಥಗಳ ಗುಣದೋಷವನ್ನು ತಿಳಿಯದಿದ್ದ ಜನರಲ್ಲಿ ಹೆರಾಯಿನ್ ಎಂಬ ಅಫೀಮಿನ ಸಾರವು ಬೇಗನೆ ಹಬ್ಬಿತು. ೧೯೯೦ರ ದಶಕದ ಕೊನೆಯ ಹೊತ್ತಿಗೆ, ಒಂದು ಕೋಟಿಯಷ್ಟು ಜನರಿದ್ದ ಆ ದೇಶದಲ್ಲಿ ಸುಮಾರು ಒಂದು ಲಕ್ಷ ಮಂದಿ, ಅಂದರೆ ನೂರಕ್ಕೆ ಒಬ್ಬರು, ಹೆರಾಯಿನಿನ ವ್ಯಸನಕ್ಕೆ ಸಿಕ್ಕಿದ್ದರೆಂದು ಅಂದಾಜು ಮಾಡಲಾಗಿದ್ದಿತು. ರಾಜಧಾನಿ ಲಿಸ್ಬನ್ನಿನ ಕಾಸಾಲ್ ವೆಂಟೋಸೋ ಎಂಬ ಕೇರಿಯಲ್ಲಿ ಹಗಲುಹೊತ್ತಿನಲ್ಲಿಯೇ ವ್ಯಾಪಾರವೂ ಸೇವನೆಯೂ ನಡೆಯುತ್ತಿದ್ದವು. ಒಂದೇ ಸೂಜಿಯನ್ನು ಹಲವರು ಬಳಸುತ್ತಿದ್ದುದರಿಂದ ಏಡ್ಸ್ ರೋಗವು ಹರಡಿತು. ಬಡವರ ಮನೆ, ಧನಿಕರ ಮನೆ ಎಂಬ ಭೇದವಿಲ್ಲದೆ ದುಃಖವು ಎಲ್ಲೆಡೆ ಹೊಕ್ಕಿದ್ದುದರಿಂದಲೇ, ವ್ಯಸನಿಯೆಂದರೆ ಪರಕೀಯನಲ್ಲ, ನಮ್ಮ ಮನೆಯ ಮಗನೇ ಎಂಬ ಭಾವನೆಯು ಆ ಜನರಲ್ಲಿ ಬೆಳೆಯಿತೆಂದು ತೋರುತ್ತದೆ.

೧೯೯೩ರ ಕಾಯಿದೆಯಂತೆ ಸೇವನೆಗೆ ಮೂರು ತಿಂಗಳ ಸೆರೆ ಅಥವಾ ಜುಲ್ಮಾನೆ ಇದ್ದಿತು. ಅದರಿಂದ ರೋಗವು ತಗ್ಗಲಿಲ್ಲ. ೧೯೯೮ರಲ್ಲಿ ಗುಟೇರೆಸ್ ಎಂಬವರ ಮಂತ್ರಿಮಂಡಲವು ಒಂದು ತಜ್ಞಸಮಿತಿಯನ್ನು ನಿಯಮಿಸಿತು. ಅಧ್ಯಕ್ಷರಾದ ಕಿಂಟಾನಿಲ್ಯಾ ವಿಜ್ಞಾನಿಗಳು; ಸದಸ್ಯರಲ್ಲಿ ಒಬ್ಬರಾದ ಜುವಾಂವ್ ಗೊಲಾಂವ್ ವ್ಯಸನಿಗಳಿಗೆ ಚಿಕಿತ್ಸೆ ಮಾಡುತ್ತಿದ್ದ ವೈದ್ಯರು. ಈ ಸಮಿತಿಯ ಸಲಹೆಯಂತೆ ೧೯೯೯ರಲ್ಲಿ ರಾಷ್ಟ್ರೀಯ ನೀತಿಯೊಂದು ಅಂಗೀಕೃತವಾಯಿತು. ೨೦೦೦ದ ನವೆಂಬರಿನಲ್ಲಿ ೩೦ನೆಯ ಕಾಯಿದೆಯು ಹೊರಟು, ೨೦೦೧ನೆಯ ಜುಲೈ ೧ರಿಂದ ಜಾರಿಗೆ ಬಂದಿತು.

ಕಾಯಿದೆಯ ಸಾರವಿಷ್ಟು. ಹತ್ತು ದಿನಗಳ ಸ್ವಂತ ಬಳಕೆಗೆ ಸಾಲುವಷ್ಟು ಪದಾರ್ಥವನ್ನು, ಹೆರಾಯಿನಾದರೆ ೧ ಗ್ರಾಂ, ಕೊಕೇನಾದರೆ ೨ ಗ್ರಾಂ, ಗಾಂಜಾಸೊಪ್ಪಾದರೆ ೨೫ ಗ್ರಾಂ, ಮೀರದಂತೆ ಇಟ್ಟುಕೊಂಡವನು ಅಪರಾಧಿಯಲ್ಲ. ಆದರೆ ಪದಾರ್ಥವನ್ನು ಪೊಲೀಸಿನವರು ವಶಪಡಿಸಿಕೊಳ್ಳುವರು. ಆ ಮನುಷ್ಯನನ್ನು ನ್ಯಾಯಾಲಯಕ್ಕೆ ಬದಲಾಗಿ, ಮೂವರು ಸದಸ್ಯರ ಒಂದು ಮಂಡಲಿಯ ಮುಂದೆ ಕಳುಹಿಸುವರು. ಸದಸ್ಯರು ನ್ಯಾಯಶಾಸ್ತ್ರ, ವೈದ್ಯ, ಮನಶ್ಶಾಸ್ತ್ರ, ಸಮಾಜಸೇವೆ ಮೊದಲಾದುವನ್ನು ಬಲ್ಲವರು. ಬಂದವನು ವ್ಯಸನಿಯೇ, ಅಥವಾ ಕುತೂಹಲಕ್ಕೆ ಒಮ್ಮೆ ಕೈಹಾಕಿದವನೇ ಎಂಬುದನ್ನು ಅವರು ಮಾತನಾಡಿ ತಿಳಿಯುವರು. ವ್ಯಸನಿಯಾದರೆ ಚಿಕಿತ್ಸೆಗೆ ಹಾದಿ ತೋರುವರು. ಅವನಿಗೆ ಜುಲ್ಮಾನೆ ಹಾಕುವಂತಿಲ್ಲ. ವ್ಯಸನಿಯಲ್ಲದವನ ಪ್ರಸಂಗವನ್ನು ಬಹುಮಟ್ಟಿಗೆ ಎಚ್ಚರಿಕೆಯೊಡನೆ ಅಮಾನತಿನಲ್ಲಿಡುವರು.

ಇದರೊಡನೆ ಇನ್ನೊಂದು ಸಂಗತಿಯನ್ನು ಮರೆಯಬಾರದು. ಅದೇ ೨೦೦೧ರಲ್ಲಿ ಬೀದಿಯಲ್ಲಿರುವ ವ್ಯಸನಿಗಳಿಗೆ ಸೂಜಿ, ಔಷಧ, ವಸತಿ ಮುಂತಾದುವನ್ನು ಒದಗಿಸುವ ಕೆಲಸಕ್ಕೆ ಪ್ರತ್ಯೇಕ ಶಾಸನಾಧಾರವು ಏರ್ಪಟ್ಟಿತು. ಹಳೆಯ ಸೂಜಿಗೆ ಹೊಸ ಸೂಜಿಯನ್ನು ಕೊಡುವ ಕೆಲಸವು ೧೯೯೩ರಿಂದಲೇ ನಡೆಯುತ್ತಿದ್ದಿತು. ಹೆರಾಯಿನಿಗೆ ಬದಲಾಗಿ ಮೆಥಡೋನ್ ಎಂಬ ಔಷಧವನ್ನು ಕೊಟ್ಟು ರೋಗಿಯನ್ನು ನೆಲೆಗೊಳಿಸುವ ಚಿಕಿತ್ಸೆಯು ವಿಸ್ತಾರವಾಯಿತು. ೧೯೯೮ರಲ್ಲಿ ೨೩,೬೫೪ ಮಂದಿ ಚಿಕಿತ್ಸೆಯಲ್ಲಿದ್ದರು. ೨೦೦೮ರಲ್ಲಿ ಅವರ ಸಂಖ್ಯೆ ೩೮,೫೩೨ ಆಯಿತು. ಆದಕಾರಣ ಪೋರ್ತುಗಲ್ಲಿನಲ್ಲಿ ನಡೆದುದು ಒಂದೇ ಕಾಯಿದೆಯ ಪ್ರಯೋಗವಲ್ಲ. ಕಾಯಿದೆ, ಆಸ್ಪತ್ರೆ, ಹಣ, ಸೇವಕವರ್ಗ ಈ ನಾಲ್ಕರ ಕೂಡಿದ ಪ್ರಯೋಗ. ಫಲವು ಯಾವುದಕ್ಕೆ ಎಷ್ಟು ಸಲ್ಲಬೇಕೆಂಬುದೇ ಮುಂದಿನ ಜಗಳಕ್ಕೆಲ್ಲ ಮೂಲವಾಯಿತು.

೩

೨೦೦೯ರಲ್ಲಿ ಅಮೆರಿಕದ ಕೇಟೋ ಎಂಬ ಸಂಸ್ಥೆಯು ಗ್ರೀನ್‌ವಾಲ್ಡ್ ಎಂಬ ನ್ಯಾಯವಾದಿಗಳ ವರದಿಯನ್ನು ಪ್ರಕಟಿಸಿ, ಪೋರ್ತುಗಲ್ಲಿನ ಪ್ರಯೋಗವು ಸಂಪೂರ್ಣವಾಗಿ ಜಯಪ್ರದವಾಯಿತೆಂದು ಸಾರಿತು. ಪೋರ್ತುಗಲ್ಲಿನವರೇ ಆದ ಪಿಂಟೊ ಕೊಯೆಲ್ಯೊ ಎಂಬ ವೈದ್ಯರು ಇದೊಂದು ಮಹಾ ಅನರ್ಥವೆಂದು ಪ್ರತಿಪಾದಿಸಿದರು. ಇಬ್ಬರೂ ಸರಕಾರದ ಅಂಕಿಗಳನ್ನೇ ಮುಂದಿಟ್ಟರು. ಹ್ಯೂಸ್ ಮತ್ತು ಸ್ಟೀವನ್ಸ್ ಎಂಬ ಇಬ್ಬರು ವಿದ್ವಾಂಸರು ೨೦೧೦ರಲ್ಲಿ ಮೂಲದಾಖಲೆಗಳನ್ನು ಪರಿಶೋಧಿಸಿ, ೨೦೧೨ರಲ್ಲಿ ಈ ಎರಡು ವಾದಗಳನ್ನೂ ಒರೆಗೆ ಹಚ್ಚಿದರು. ಅವರ ಶೋಧನೆಯ ಮಾರ್ಗವನ್ನು ನೋಡಿದರೆ, ಗಾಂಜಾ ಸಮಿತಿಯ ಹಳೆಯ ಪ್ರಶ್ನೆಯೇ ನೆನಪಿಗೆ ಬರುವುದು.

ಮೊದಲು ಸೇವನೆಯ ವಿಚಾರ. ೨೦೦೧ರಲ್ಲಿ ಮನೆಮನೆಯ ಸಮೀಕ್ಷೆ ನಡೆದಾಗ, ೧೫ರಿಂದ ೬೪ ವಯಸ್ಸಿನವರಲ್ಲಿ ಜೀವಮಾನದಲ್ಲಿ ಒಮ್ಮೆಯಾದರೂ ಮಾದಕ ಪದಾರ್ಥವನ್ನು ಸೇವಿಸಿದವರು ನೂರಕ್ಕೆ ೭.೮ ಮಂದಿ. ೨೦೦೭ರಲ್ಲಿ ಅವರು ೧೨ ಮಂದಿಯಾದರು. ಇದನ್ನು ಹಿಡಿದು ವಿರೋಧಿಗಳು, ಸೇವನೆಯು ಅರ್ಧಕ್ಕಿಂತ ಹೆಚ್ಚಾಗಿ ಬೆಳೆಯಿತೆಂದರು. ಆದರೆ ‘ಜೀವಮಾನದಲ್ಲಿ ಒಮ್ಮೆ’ ಎಂಬ ಅಳತೆಯ ಸ್ವಭಾವವನ್ನು ಯೋಚಿಸಬೇಕು. ಸರ್ವಾಧಿಕಾರದ ಕಾಲದಲ್ಲಿ ಬೆಳೆದು, ಇಂಥ ಪದಾರ್ಥವನ್ನೇ ಕಾಣದ ವೃದ್ಧರು ಅರುವತ್ತನಾಲ್ಕನ್ನು ದಾಟಿ ಲೆಕ್ಕದಿಂದ ಹೊರಬೀಳುವರು. ಕ್ರಾಂತಿಯ ಅನಂತರ ಹುಟ್ಟಿದವರು ಒಳಸೇರುವರು. ಹೊಸದಾಗಿ ಒಬ್ಬನೂ ಚಟಕ್ಕೆ ಬೀಳದಿದ್ದರೂ ಈ ಅಂಕಿಯು ಏರಬಲ್ಲುದು. ಕಳೆದ ಒಂದು ವರ್ಷದಲ್ಲಿ ಸೇವಿಸಿದವರ ಲೆಕ್ಕವನ್ನು ತೆಗೆದರೆ, ೨೦೦೧ರಲ್ಲಿ ೩.೪, ೨೦೦೭ರಲ್ಲಿ ೩.೭, ೨೦೧೨ರಲ್ಲಿ ೨.೭. ಇದರಲ್ಲಿ ಮಹಾಪೂರವೂ ಇಲ್ಲ, ಮಹಾ ಇಳಿತವೂ ಇಲ್ಲ. ಶಿಕ್ಷೆಯ ಭಯವನ್ನು ತೆಗೆದರೆ ದೇಶವೆಲ್ಲ ವ್ಯಸನಕ್ಕೆ ಬೀಳುವುದೆಂಬ ಭೀತಿಯು ನಿಜವಾಗಲಿಲ್ಲವೆಂದಷ್ಟೇ ಈ ಅಂಕಿಗಳಿಂದ ಹೇಳಬಹುದು.

ಎರಡನೆಯದು ಮರಣದ ವಿಚಾರ. ಮರಣವು ಎಣಿಸುವುದಕ್ಕೆ ಅತ್ಯಂತ ಸುಲಭವಾದ ಸಂಗತಿಯೆಂದು ತೋರುವುದಷ್ಟೆ. ಆದರೆ ಪೋರ್ತುಗಲ್ಲಿನಲ್ಲಿ ಎರಡು ದಫ್ತರಗಳಿದ್ದವು. ಒಂದರಲ್ಲಿ, ಶವಪರೀಕ್ಷೆಯಲ್ಲಿ ಮಾದಕ ಪದಾರ್ಥದ ಕುರುಹು ಕಂಡ ಎಲ್ಲರನ್ನೂ ಎಣಿಸುತ್ತಿದ್ದರು. ಗಾಂಜಾ ಸೇದಿದವನು ಗಾಡಿಯ ಅಪಘಾತದಲ್ಲಿ ಸತ್ತರೂ ಅವನ ಹೆಸರು ಇಲ್ಲಿ ಸೇರುವುದು. ಇನ್ನೊಂದರಲ್ಲಿ, ವೈದ್ಯನು ಮಾದಕ ಪದಾರ್ಥವೇ ಮರಣಕಾರಣವೆಂದು ನಿರ್ಣಯಿಸಿದವರನ್ನು ಮಾತ್ರ ಎಣಿಸುತ್ತಿದ್ದರು. ಆ ವರ್ಷಗಳಲ್ಲಿ ಪರೀಕ್ಷೆಗೆ ಒಳಪಡಿಸಿದ ಶವಗಳ ಸಂಖ್ಯೆಯೇ ಹೆಚ್ಚಿದುದರಿಂದ ಮೊದಲನೆಯ ದಫ್ತರದಲ್ಲಿ ಏರಿಕೆ ಕಂಡಿತು; ಎರಡನೆಯದರಲ್ಲಿ ಇಳಿತ ಕಂಡಿತು. ಒಬ್ಬ ವಾದಿಯು ಒಂದು ಪುಸ್ತಕವನ್ನು ತೆರೆದನು; ಇನ್ನೊಬ್ಬನು ಇನ್ನೊಂದನ್ನು ತೆರೆದನು. ಅನರ್ಥವೆಂದವರ ವಾದವು ಮೊದಲನೆಯ ಪುಸ್ತಕವನ್ನೇ ನೆಮ್ಮಿದ್ದಿತು. ಪರೀಕ್ಷಿಸಿದ ಶವಗಳೆಷ್ಟೆಂಬುದನ್ನು ಕೇಳಿದೊಡನೆ ಅದರ ಬಲವು ಕುಗ್ಗಿತು.

ಸೂಜಿಯಿಂದ ಹರಡುವ ರೋಗದ ಲೆಕ್ಕವು ಇದಕ್ಕಿಂತ ಸ್ಪಷ್ಟವಾದುದು. ಮಾದಕ ಪದಾರ್ಥ ಸೇವಿಸುವವರಲ್ಲಿ ಹೊಸದಾಗಿ ಏಡ್ಸಿನ ಸೋಂಕು ಕಂಡವರು ೨೦೦೦ದಲ್ಲಿ ೯೦೭, ೨೦೦೮ರಲ್ಲಿ ೨೬೭. ಸೂಜಿಯಿಂದ ಚುಚ್ಚಿಕೊಳ್ಳುವವರು ೨೦೦೦ದಲ್ಲಿ ಸಾವಿರಕ್ಕೆ ೩.೫ ಇದ್ದವರು ೨೦೦೫ರಲ್ಲಿ ೨ಕ್ಕೆ ಇಳಿದರು. ಇಟಲಿಯಲ್ಲಿ ಅದೇ ಕಾಲದಲ್ಲಿ ಕಠಿನ ವ್ಯಸನಿಗಳ ಅಂದಾಜು ಏರುತ್ತಿದ್ದಿತಾದುದರಿಂದ, ಪೋರ್ತುಗಲ್ಲಿನ ಇಳಿತವು ಯೂರೋಪಿನಲ್ಲೆಲ್ಲ ತಾನಾಗಿ ಬಂದುದೆಂದು ಹೇಳುವಂತಿಲ್ಲ. ಆದರೆ ಈ ಯಶಸ್ಸಿನಲ್ಲಿ ಸೂಜಿಯ ವಿನಿಮಯಕ್ಕೂ ಮೆಥಡೋನಿಗೂ ಬಹು ದೊಡ್ಡ ಪಾಲು ಸಲ್ಲಬೇಕು. ಕಾಯಿದೆಯ ಪಾಲು ಯಾವುದೆಂದರೆ, ಚಿಕಿತ್ಸೆಯ ಬಾಗಿಲಿಗೆ ಬರುವವನು ಬೆನ್ನ ಹಿಂದೆ ಪೊಲೀಸಿನವನನ್ನು ನೋಡಬೇಕಾಗಿರಲಿಲ್ಲ.

ಮೂರನೆಯದು ನ್ಯಾಯದ ವಿಚಾರ. ಮಾದಕಾಪರಾಧಗಳಿಗಾಗಿ ಹಿಡಿಯಲ್ಪಟ್ಟವರು ೨೦೦೦ದಲ್ಲಿ ೧೪,೦೦೦ಕ್ಕೆ ಮೇಲ್ಪಟ್ಟಿದ್ದರು. ಕಾಯಿದೆಯ ಅನಂತರ ವರ್ಷಕ್ಕೆ ೫,೦೦೦ದ ಆಸುಪಾಸಿಗೆ ಬಂದರು. ಕಾಯಿದೆಯ ಮಿತ್ರರು ಇದನ್ನು ಮಹಾಫಲವೆಂದು ಎಣಿಸುವರು. ಆದರೆ ಇದು ಫಲವಲ್ಲ. ಕಾಯಿದೆಯ ಮಾತಿನ ಪುನರುಕ್ತಿ. ಒಂದು ಕೃತ್ಯವು ಅಪರಾಧವಲ್ಲವೆಂದು ಬರೆದ ಮೇಲೆ ಆ ಅಪರಾಧಕ್ಕಾಗಿ ಹಿಡಿಯಲ್ಪಡುವವರು ಇಲ್ಲದೆ ಹೋಗುವುದು ಸಹಜ. ಕೆರೆಯ ಹೆಸರನ್ನು ಬದಲಾಯಿಸಿ, ಹಳೆಯ ಹೆಸರಿನ ಕೆರೆಯಲ್ಲಿ ಮುಳುಗಿದವರಾರೂ ಇಲ್ಲವೆಂದು ಹೇಳಿದಂತೆ ಆದೀತು.

ಹಾಗಾದರೆ ನ್ಯಾಯದ ನಿಜವಾದ ಅಳತೆ ಎಲ್ಲಿ ಸಿಕ್ಕುವುದು? ಕಾಯಿದೆಯು ಮುಟ್ಟದೆ ಇದ್ದ ಅಪರಾಧಗಳಲ್ಲಿ ಹುಡುಕಬೇಕು. ಕಳವು, ದರೋಡೆ ಮೊದಲಾದುವು ೨೦೦೧ಕ್ಕೆ ಮೊದಲೂ ಅಪರಾಧಗಳು, ಅನಂತರವೂ ಅಪರಾಧಗಳು. ಅಮಲಿನಲ್ಲಿಯೋ, ಅಮಲಿಗೆ ಹಣ ಕೂಡಿಸುವುದಕ್ಕಾಗಿಯೋ ಅಪರಾಧಮಾಡಿ ಸೆರೆಯಲ್ಲಿದ್ದವರು ೧೯೯೯ರಲ್ಲಿ ಒಟ್ಟು ಸೆರೆಯಾಳುಗಳಲ್ಲಿ ನೂರಕ್ಕೆ ೪೪ ಮಂದಿ. ೨೦೦೮ರಲ್ಲಿ ೨೧ ಮಂದಿ. ಈ ಇಳಿತವು ಕಾಯಿದೆಯ ಮಾತಿನಿಂದಲೇ ಆದುದಲ್ಲ. ಮನುಷ್ಯರ ನಡತೆಯೇ ಬದಲಾದುದರ ಗುರುತು ಇದರಲ್ಲಿ ಉಂಟು. ಆಸ್ಪತ್ರೆ, ನ್ಯಾಯಾಲಯ, ಸೆರೆಮನೆ, ನಷ್ಟವಾದ ದುಡಿಮೆ ಇವೆಲ್ಲವನ್ನೂ ಹಣಕ್ಕೆ ತಿರುಗಿಸಿ ಲೆಕ್ಕಹಾಕಿದ ಅರ್ಥಶಾಸ್ತ್ರಜ್ಞರು, ೧೯೯೯ರ ನೀತಿಯ ಅನಂತರ ಸಮಾಜದ ಮೇಲಿನ ಹೊರೆಯು ಮೊದಲ ಐದು ವರ್ಷಗಳಲ್ಲಿ ನೂರಕ್ಕೆ ೧೨ರಷ್ಟೂ, ಹನ್ನೊಂದು ವರ್ಷಗಳಲ್ಲಿ ೧೮ರಷ್ಟೂ ತಗ್ಗಿತೆಂದು ೨೦೧೫ರಲ್ಲಿ ಬರೆದರು.

ಆದರೂ ಕಥೆಯು ಇಲ್ಲಿಗೆ ಮುಗಿಯಲಿಲ್ಲ. ೨೦೦೮ರಲ್ಲಿ ಆ ದೇಶದ ಸರ್ವೋಚ್ಚ ನ್ಯಾಯಾಲಯವು, ಹತ್ತು ದಿನಗಳ ಪ್ರಮಾಣವನ್ನು ಮೀರಿದ್ದಲ್ಲಿ ಸ್ವಂತ ಬಳಕೆಗೆ ಇಟ್ಟುಕೊಂಡಿದ್ದರೂ ಅದು ಅಪರಾಧವೇ ಎಂದು ತೀರ್ಪಿತ್ತಿತು. ಹೀಗೆ ಮುಂಬಾಗಿಲಿನಿಂದ ಹೊರಹೋದ ದಂಡವು ಹಿಂಬಾಗಿಲಿನಿಂದ ಸ್ವಲ್ಪಮಟ್ಟಿಗೆ ಒಳಬಂದಿತು. ಮುಂದೆ ಹಣದ ಮುಗ್ಗಟ್ಟು ಬಂದಾಗ, ಈ ಕೆಲಸಕ್ಕೆಂದೇ ಇದ್ದ ರಾಷ್ಟ್ರೀಯ ಸಂಸ್ಥೆಯನ್ನು ೨೦೧೨ರ ಸುಮಾರಿಗೆ ಒಡೆದು, ಚಿಕಿತ್ಸೆಯ ಭಾರವನ್ನು ಪ್ರಾಂತೀಯ ಆರೋಗ್ಯ ಕಚೇರಿಗಳಿಗೆ ಹಂಚಿದರು. ವೆಚ್ಚವನ್ನು ಕಡಮೆ ಮಾಡಿದರು. ೨೦೨೩ರ ಹೊತ್ತಿಗೆ ಪೋರ್ಟೋ ನಗರದ ಬೀದಿಗಳಲ್ಲಿ ಬಹಿರಂಗ ಸೇವನೆಯು ಮತ್ತೆ ಕಾಣಿಸಿಕೊಂಡು, ನಿವಾಸಿಗಳು ದೂರಿಡುವಂತಾಯಿತು. ಹತ್ತು ದಿನಗಳ ಪ್ರಮಾಣವನ್ನು ಮೀರಿದರೂ ಸ್ವಂತ ಬಳಕೆಗೆಂಬುದು ಸ್ಪಷ್ಟವಾದಲ್ಲಿ ಅಪರಾಧವಲ್ಲವೆಂಬಂತೆ ಕಾಯಿದೆಯನ್ನು ಅದೇ ವರ್ಷ ತಿದ್ದಿದರು. ಆದರೆ ಬೀದಿಯ ದುರವಸ್ಥೆಗೆ ಬೇಕಾಗಿದ್ದುದು ಕಾಯಿದೆಯ ಮಾತಲ್ಲ, ಚಿಕಿತ್ಸೆಯ ಹಣ. ಸೇವನೆಯನ್ನು ದಂಡಿಸದೆ ಇರುವ ನಿಯಮವು ೨೦೦೧ರಿಂದಲೂ ಅದೇ ಇದ್ದಿತು. ಬದಲಾಗಿದ್ದುದು ಅದರ ಜೊತೆಯ ಮೂರು ಸಂಗತಿಗಳು. ಕಾಯಿದೆಯೊಂದೇ ಮದ್ದೆಂದು ತಿಳಿದವರಿಗೆ ಇದಕ್ಕಿಂತ ಸ್ಪಷ್ಟವಾದ ಉತ್ತರ ಬೇಡ.

೪

ಆರಿಗನ್ ಸಂಸ್ಥಾನವು ಅಮೆರಿಕದ ಪಶ್ಚಿಮ ತೀರದಲ್ಲಿರುವುದು. ಜನಸಂಖ್ಯೆ ನಲವತ್ತೆರಡು ಲಕ್ಷದಷ್ಟು. ೨೦೨೦ರ ನವೆಂಬರಿನ ಚುನಾವಣೆಯಲ್ಲಿ ೧೧೦ನೆಯ ಪ್ರಸ್ತಾವವು ಮತದಾರರ ಮುಂದೆ ಬಂದು, ನೂರಕ್ಕೆ ೫೮ರಷ್ಟು ಬಹುಮತದಿಂದ ಅಂಗೀಕೃತವಾಯಿತು. ೨೦೨೧ನೆಯ ಫೆಬ್ರವರಿ ೧ರಿಂದ ಅಲ್ಪ ಪ್ರಮಾಣದ ಹೆರಾಯಿನ್, ಕೊಕೇನ್ ಮುಂತಾದುವನ್ನು ಇಟ್ಟುಕೊಂಡವನಿಗೆ ಸೆರೆಯಿಲ್ಲ. ನೂರು ಡಾಲರ್ ಜುಲ್ಮಾನೆಯ ಚೀಟಿ ಮಾತ್ರ. ಒಂದು ಸಹಾಯವಾಣಿಗೆ ದೂರವಾಣಿಯಲ್ಲಿ ಮಾತನಾಡಿ ಆರೋಗ್ಯ ವಿಚಾರಣೆಗೆ ಒಪ್ಪಿದರೆ ಆ ಜುಲ್ಮಾನೆಯೂ ಮಾಫಿ. ಚಿಕಿತ್ಸಾಲಯಗಳಿಗೆ ಹಣವು ಅಲ್ಲಿ ಶಾಸನಬದ್ಧವಾಗಿ ಮಾರುವ ಗಾಂಜಾದ ತೆರಿಗೆಯಿಂದ ಬರಬೇಕು.

ಪೋರ್ತುಗಲ್ಲಿನ ಹೆಸರು ಇಲ್ಲಿಯ ಪ್ರಚಾರದಲ್ಲಿ ಮೇಲಿಂದ ಮೇಲೆ ಕೇಳಿಬಂದಿತು. ಆದರೆ ಪೋರ್ತುಗಲ್ಲಿನಲ್ಲಿ ಪೊಲೀಸಿನವನು ಕಂಡ ಮನುಷ್ಯನು ಮೂವರು ಮನುಷ್ಯರ ಎದುರಿಗೆ ಕುಳಿತು ಮಾತನಾಡಬೇಕಾಗಿದ್ದಿತು. ಆರಿಗನ್ನಿನಲ್ಲಿ ಅವನ ಕೈಗೆ ಬಂದುದು ಕಾಗದದ ಚೂರು. ಸಂಸ್ಥಾನದ ಲೆಕ್ಕಪರಿಶೋಧಕರು ೨೦೨೩ರ ಜನವರಿಯಲ್ಲಿ ಹೊರಡಿಸಿದ ವರದಿಯಂತೆ, ಮೊದಲ ಹದಿನೈದು ತಿಂಗಳಲ್ಲಿ ಸಹಾಯವಾಣಿಗೆ ಬಂದ ಕರೆಗಳು ೧೧೯. ಒಂದೊಂದು ಕರೆಗೆ ತಗುಲಿದ ವೆಚ್ಚ ೭,೦೦೦ ಡಾಲರಿಗೂ ಹೆಚ್ಚು. ಚಿಕಿತ್ಸೆಯ ಹಣವು ಕಚೇರಿಗಳಲ್ಲಿ ತಡೆದು ನಿಂತು, ಬಹುಭಾಗವು ೨೦೨೨ರಲ್ಲಿ ಕೈಸೇರಿತು. ಅಂದರೆ ಸೆರೆಮನೆಯ ಬಾಗಿಲನ್ನು ಮೊದಲು ಮುಚ್ಚಿದರು. ಆಸ್ಪತ್ರೆಯ ಬಾಗಿಲನ್ನು ಒಂದು ವರ್ಷಕ್ಕೂ ತಡವಾಗಿ ತೆರೆದರು.

ಅದೇ ಕಾಲದಲ್ಲಿ ಎರಡು ಉತ್ಪಾತಗಳು ಒದಗಿದವು. ಒಂದು ಕೋವಿಡ್ ಮಹಾಮಾರಿ. ಇನ್ನೊಂದು, ಹೆರಾಯಿನಿಗಿಂತ ಸುಮಾರು ಐವತ್ತರಷ್ಟು ಬಲವುಳ್ಳ ಫೆಂಟನಿಲ್ ಎಂಬ ಕೃತಕ ಪದಾರ್ಥವು ಕಳ್ಳಪೇಟೆಗೆ ನುಗ್ಗಿದುದು. ಅಮೆರಿಕದ ಪೂರ್ವತೀರವನ್ನು ಮೊದಲೇ ಹೊಕ್ಕಿದ್ದ ಈ ವಿಷವು ಪಶ್ಚಿಮತೀರವನ್ನು ಮುಟ್ಟಿದುದು, ಹೆಚ್ಚು ಕಡಮೆ, ಹೊಸ ಕಾಯಿದೆಯು ಜಾರಿಗೆ ಬಂದ ಸಮಯಕ್ಕೇ. ಮರಣಗಳು ಏರಿದವು. ಬೀದಿಯ ಮೇಲೆ ಬಿದ್ದವರನ್ನು ಕಂಡ ಜನರಿಗೆ, ಕಾಯಿದೆಯೇ ಇದಕ್ಕೆ ಕಾರಣವೆಂದು ತೋರಿದುದರಲ್ಲಿ ಆಶ್ಚರ್ಯವಿಲ್ಲ.

ಪಂಡಿತರು ಏನು ಹೇಳಿದರು? ೨೦೨೩ರಲ್ಲಿ ಆರೋಗ್ಯದ ಅರ್ಥಶಾಸ್ತ್ರಕ್ಕೆ ಸಂಬಂಧಪಟ್ಟ ಒಂದು ಪತ್ರಿಕೆಯಲ್ಲಿ, ಈ ಕಾಯಿದೆಯಿಂದ ೨೦೨೧ರಲ್ಲಿ ೧೮೨ ಮರಣಗಳು ಹೆಚ್ಚಾದುವೆಂಬ ಗಣನೆಯು ಪ್ರಕಟವಾಯಿತು. ಅದೇ ವರ್ಷ ಮನೋರೋಗಶಾಸ್ತ್ರದ ಒಂದು ಪತ್ರಿಕೆಯಲ್ಲಿ, ಮೊದಲ ವರ್ಷದ ಮರಣಗಳಿಗೂ ಕಾಯಿದೆಗೂ ಸಂಬಂಧವು ಕಾಣುವುದಿಲ್ಲವೆಂಬ ಇನ್ನೊಂದು ಗಣನೆಯು ಪ್ರಕಟವಾಯಿತು. ಇಬ್ಬರೂ ಒಂದೇ ಕ್ರಮವನ್ನು ಅನುಸರಿಸಿದ್ದರು: ಇತರ ಸಂಸ್ಥಾನಗಳನ್ನು ಬೆರೆಸಿ, ಕಾಯಿದೆಯಿಲ್ಲದ ಒಂದು ಕಲ್ಪಿತ ಆರಿಗನ್ನನ್ನು ಕಟ್ಟಿ, ನಿಜವಾದ ಆರಿಗನ್ನಿನೊಡನೆ ಹೋಲಿಸುವುದು. ಹೋಲಿಕೆಗೆ ಆರಿಸಿಕೊಂಡ ಸಂಸ್ಥಾನಗಳೂ ಲೆಕ್ಕಕ್ಕೆ ತೆಗೆದುಕೊಂಡ ಸಂಗತಿಗಳೂ ಬೇರೆಯಾದುದರಿಂದ ಉತ್ತರವೂ ಬೇರೆಯಾಯಿತು. ಮೂರನೆಯ ಸಂಶೋಧಕವರ್ಗವು, ಪ್ರತಿಯೊಂದು ಸಂಸ್ಥಾನದ ಕಳ್ಳಪೇಟೆಯನ್ನೂ ಫೆಂಟನಿಲ್ ಯಾವಾಗ ಹೊಕ್ಕಿತೆಂಬುದನ್ನು ಪೊಲೀಸಿನವರು ವಶಪಡಿಸಿಕೊಂಡ ಪದಾರ್ಥಗಳ ಪರೀಕ್ಷೆಯಿಂದ ತಿಳಿದು, ಆ ಭಾಗವನ್ನು ಕಳೆದು ನೋಡಿತು. ಹಾಗೆ ಕಳೆದ ಮೇಲೆ ಮರಣಗಳ ಏರಿಕೆಗೂ ಕಾಯಿದೆಗೂ ಸಂಬಂಧವು ಉಳಿಯಲಿಲ್ಲ.

ಈ ಮೂರನೆಯ ಲೇಖನವು ಹೊರಬಂದುದು ೨೦೨೪ರ ಸೆಪ್ಟೆಂಬರಿನಲ್ಲಿ. ಆದರೆ ಆ ಏಪ್ರಿಲ್ ೧ರಂದೇ ಸಂಸ್ಥಾನದ ಗವರ್ನರಾದ ಟೀನಾ ಕೋಟೆಕ್ ಹೊಸ ಮಸೂದೆಗೆ ಸಹಿಮಾಡಿದ್ದರು. ಸೆಪ್ಟೆಂಬರ್ ೧ರಿಂದ ಅಲ್ಪ ಪ್ರಮಾಣವನ್ನು ಇಟ್ಟುಕೊಳ್ಳುವುದು ಮತ್ತೆ ಅಪರಾಧವಾಗಿ ಪರಿಣಮಿಸಿದ್ದಿತು. ತೀರ್ಪು ಮೊದಲು ಬಂದಿತು. ಸಾಕ್ಷ್ಯವು ಅನಂತರ ಬಂದಿತು. ಹಾಗೆಂದು ಜನರನ್ನು ಹಳಿಯುವುದೂ ನ್ಯಾಯವಲ್ಲ. ಕಾಯಿದೆಯು ಮರಣವನ್ನು ಹೆಚ್ಚಿಸಲಿಲ್ಲವೆಂದು ಸಿದ್ಧವಾದರೆ, ಅದು ಮರಣವನ್ನು ತಗ್ಗಿಸಿತೆಂದು ಸಿದ್ಧವಾದಂತೆ ಆಗಲಿಲ್ಲ. ತಗ್ಗಿಸುವೆನೆಂಬ ಆಶೆಯನ್ನು ತೋರಿಸಿಯೇ ಅದು ಮತವನ್ನು ಪಡೆದಿದ್ದಿತು.

೫

ಈ ಎರಡು ಚರಿತ್ರೆಗಳನ್ನೂ ಜೊತೆಯಲ್ಲಿಟ್ಟು ನೋಡಿದರೆ ಮೂರು ಮಾತುಗಳು ಹೊರಡುತ್ತವೆ. ಮೊದಲನೆಯದಾಗಿ, ಕಾಯಿದೆಯು ತಾನೇ ಬದಲಾಯಿಸಿದ ಹೆಸರನ್ನು ಅದರ ಫಲವೆಂದು ಎಣಿಸಬಾರದು. ಎರಡನೆಯದಾಗಿ, ಅದೇ ಕಾಲದಲ್ಲಿ ಬಂದ ಬೇರೆ ಕಾರಣಗಳನ್ನು ಬೇರ್ಪಡಿಸದೆ ಹೊಗಳಿಕೆಯನ್ನಾಗಲಿ ತೆಗಳಿಕೆಯನ್ನಾಗಲಿ ಹಂಚಬಾರದು. ಮೂರನೆಯದಾಗಿ, ದಂಡವನ್ನು ತೆಗೆದ ಜಾಗದಲ್ಲಿ ಏನನ್ನು ಇಟ್ಟರೆಂಬುದನ್ನು ಕೇಳದೆ ನಿರಪರಾಧೀಕರಣದ ಒಳಿತುಕೆಡಕುಗಳನ್ನು ಹೇಳುವುದು ಸಾಧ್ಯವಲ್ಲ. ಶಿಕ್ಷೆಯ ಭಯವು ವ್ಯಸನವನ್ನು ವಾಸಿಮಾಡದು. ಭಯವನ್ನು ತೆಗೆದುಹಾಕುವುದೂ ತಾನಾಗಿ ವಾಸಿಮಾಡದು. ವಾಸಿಮಾಡುವುದು ಚಿಕಿತ್ಸೆ. ಕಾಯಿದೆಯು ರೋಗಿಯನ್ನು ಚಿಕಿತ್ಸೆಗೆ ಹತ್ತಿರ ತರುತ್ತದೆಯೋ ದೂರ ತಳ್ಳುತ್ತದೆಯೋ ಎಂಬುದೇ ಅದರ ನಿಜವಾದ ಪರೀಕ್ಷೆ.

ಇದು ಪರದೇಶದ ವಿಚಾರವೆಂದು ನಾವು ಉದಾಸೀನರಾಗಿರುವಂತಿಲ್ಲ. ಗಾಂಜಾ ಸಮಿತಿಯ ವರದಿಯಿಂದ ತೊಂಬತ್ತೊಂದು ವರ್ಷಗಳ ಅನಂತರ, ೧೯೮೫ರ ನವೆಂಬರಿನಲ್ಲಿ, ನಮ್ಮ ದೇಶದಲ್ಲಿ ಮಾದಕದ್ರವ್ಯ ಮತ್ತು ಮನಃಪರಿಣಾಮಕ ಪದಾರ್ಥಗಳ ಕಾಯಿದೆಯು ಜಾರಿಗೆ ಬಂದಿತು. ಅದರ ೨೭ನೆಯ ಪ್ರಕರಣದಂತೆ ಸೇವನೆಯೇ ಅಪರಾಧ. ಹೆರಾಯಿನ್, ಕೊಕೇನ್ ಮೊದಲಾದುವಕ್ಕೆ ಒಂದು ವರ್ಷದವರೆಗೂ, ಇತರ ಪದಾರ್ಥಗಳಿಗೆ ಆರು ತಿಂಗಳವರೆಗೂ ಸೆರೆ ವಿಧಿಸಬಹುದು. ಅದೇ ಕಾಯಿದೆಯ ೬೪-ಎ ಪ್ರಕರಣವು, ತಾನಾಗಿ ಚಿಕಿತ್ಸೆಗೆ ಒಪ್ಪಿದ ವ್ಯಸನಿಗೆ ವಿಚಾರಣೆಯಿಂದ ರಕ್ಷಣೆಯನ್ನು ಕೊಡುತ್ತದೆ. ಒಂದು ಕೈಯಲ್ಲಿ ದಂಡ, ಇನ್ನೊಂದು ಕೈಯಲ್ಲಿ ಮದ್ದು. ೨೦೧೯ರಲ್ಲಿ ಕೇಂದ್ರ ಸರಕಾರದ ಪರವಾಗಿ ದಿಲ್ಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯವರು ಪ್ರಕಟಿಸಿದ ಸಮೀಕ್ಷೆಯಂತೆ, ಸುಮಾರು ೮.೫ ಲಕ್ಷ ಮಂದಿ ಸೂಜಿಯಿಂದ ಮಾದಕ ಪದಾರ್ಥವನ್ನು ಚುಚ್ಚಿಕೊಳ್ಳುತ್ತಿದ್ದರು. ನಿಷಿದ್ಧ ಪದಾರ್ಥಗಳ ವ್ಯಸನಿಗಳಲ್ಲಿ ಆಸ್ಪತ್ರೆಯಲ್ಲಿ ಉಳಿದು ಚಿಕಿತ್ಸೆ ಪಡೆದವರು ಇಪ್ಪತ್ತಕ್ಕೆ ಒಬ್ಬರು. ಬೆಂಗಳೂರಿನ ನಿಮ್ಹಾನ್ಸಿನಲ್ಲಿ ವ್ಯಸನಚಿಕಿತ್ಸೆಯ ಪ್ರತ್ಯೇಕ ಕೇಂದ್ರವುಂಟು. ಆದರೆ ದೂರದ ತಾಲ್ಲೂಕಿನ ತಂದೆಯೊಬ್ಬನು ಚಟಕ್ಕೆ ಬಿದ್ದ ಮಗನನ್ನು ಅಲ್ಲಿಗೆ ಕರೆ ತರಬೇಕಾದರೆ, ಮೊದಲು ಮಾನವೆಂಬ ಹೊಸ್ತಿಲನ್ನೂ ಪೊಲೀಸಿನ ಭಯವೆಂಬ ಹೊಸ್ತಿಲನ್ನೂ ದಾಟಬೇಕು.

ಇಂತಿರಲು, ‘ಈ ವರ್ಷ ಇಷ್ಟು ಮಂದಿಯನ್ನು ಹಿಡಿದೆವು’ ಎಂಬ ಸರಕಾರೀ ಪ್ರಕಟಣೆಯನ್ನು ವೃತ್ತಪತ್ರಿಕೆಯಲ್ಲಿ ಓದಿದಾಗ, ಸೇವನೆಯು ಹೆಚ್ಚಿತೋ, ಹಿಡಿಯುವ ಉತ್ಸಾಹವು ಹೆಚ್ಚಿತೋ ಎಂದು ಕೇಳುವುದು ಓದುಬರಹ ಬಲ್ಲ ಗೃಹಸ್ಥರ ಕರ್ತವ್ಯ. ಹಿಡಿದವರಲ್ಲಿ ಮಾರುವವರೆಷ್ಟು, ಸೇವಿಸುವವರೆಷ್ಟು? ಸೇವಿಸುವವರಲ್ಲಿ ವೈದ್ಯನನ್ನು ಕಂಡವರೆಷ್ಟು? ಕಂಡವರಲ್ಲಿ ಒಂದು ವರ್ಷದ ಅನಂತರ ಕೆಲಸಕ್ಕೆ ಹಿಂದಿರುಗಿದವರೆಷ್ಟು, ತೀರಿಹೋದವರೆಷ್ಟು? ಈ ಕಾಲಂಗಳನ್ನು ದಫ್ತರದಲ್ಲಿ ಮೊದಲೇ ಎಳೆದಿಡದೆ ಕಾಯಿದೆಯನ್ನು ಬಿಗಿಗೊಳಿಸಿದರೂ ಸಡಿಲಗೊಳಿಸಿದರೂ, ನಮಗೆ ಉಳಿಯುವುದು ವಾದ ಮಾತ್ರ. ೧೮೯೨ರ ಪಟ್ಟಿಯಲ್ಲಿ ‘ಗಾಂಜಾ’ ಎಂಬ ಒಂದೇ ಮಾತಿನ ಹಿಂದೆ ೨೨೨ ಮನುಷ್ಯರ ನಿಜವಾದ ಕಥೆಯು ಮುಚ್ಚಿಹೋಗಿದ್ದಿತು. ಸಮಿತಿಯವರು ಅವರನ್ನು ಒಬ್ಬೊಬ್ಬರನ್ನಾಗಿ ವಿಚಾರಿಸಿದುದರಿಂದ ಸತ್ಯವು ಹೊರಬಂದಿತು. ಎಣಿಕೆಯು ಮನುಷ್ಯನನ್ನು ಮರೆಯದೆ ಇದ್ದರೆ ಮಾತ್ರ ಅದು ನ್ಯಾಯಕ್ಕೂ ಆರೋಗ್ಯಕ್ಕೂ ಸಹಾಯಕವಾದೀತು.